ಹಾಡು ಕಟ್ಟಿದವನ ಹೆಸರು ಹಾಡಿನ ಜೊತೆಗೇ ಇರಲಿ

ಕಳೆದ ತಿಂಗಳು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದಾಗ, ನಮ್ಮ ಕರಾವಳಿಯ ಬ್ಯಾರಿ ಕುಟುಂಬವೊಂದು ನಡೆಸುವ ಹೋಟೆಲಿಗೆ ಚಾ ಕುಡಿಯಲು ಹೊಕ್ಕೆವು. ಗಲ್ಲಾದಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ. ಅಷ್ಟರಲ್ಲಿ ನಮ್ಮ ಜೊತೆಗಿದ್ದವರ ಮೊಬೈಲ್ ರಿಂಗ್ ಆಯಿತು. ರಿಂಗ್‌ಟೋನ್ ಒಂದು ಬ್ಯಾರಿ ಮದುವೆ ಹಾಡು. ಎರಡು ವರ್ಷದಿಂದ ನಮ್ಮ ಕಡೆ ಮೈಲಾಂಜಿ ರಾತ್ರಿಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಹಾಡು. ಹುಡುಗ ತಲೆ ಎತ್ತಿ ನೋಡಿ ನಕ್ಕ.

"ಒಳ್ಳೆ ಹಾಡು ಅಲ್ವಾ ಮೋನೆ?" ಅಂದೆವು.

"ಹೌದು ಕಾಕ. ಅದನ್ನು ಬರೆದದ್ದು ನಾನೇ" ಅಂದ.

ನಾವು ನಂಬಲಿಲ್ಲ. ಅವನು ಗಲ್ಲಾದ ಕೆಳಗಿಂದ ಒಂದು ನೋಟ್‌ಬುಕ್ ತೆಗೆದ. ಒಂದು ಬದಿಯಲ್ಲಿ ಹಾಲಿನವನ ಲೆಕ್ಕ, ಇನ್ನೊಂದು ಬದಿಯಲ್ಲಿ ಹಾಡು. ಹೊಡೆದು ಹಾಕಿದ ಸಾಲುಗಳು, ಬದಲಾಯಿಸಿದ ಪದಗಳು, ತಾಳಕ್ಕೆ ಹಾಕಿದ ಗೀಟುಗಳು. ನಂಬದೆ ಬೇರೆ ದಾರಿ ಇರಲಿಲ್ಲ.

ಮತ್ತೆ ಕಥೆ ಬಂತು. ಪದ ಅವನದು, ರಾಗ ಅವನದು, ಸ್ವರವೂ ಅವನದೇ. ಒಂದು ಯೂಟ್ಯೂಬ್ ಚಾನೆಲಿನವರು ಸ್ಟುಡಿಯೋ ಖರ್ಚು ಕೊಟ್ಟು, ಕೈಗೆ ಮೂರು ಸಾವಿರ ಇಟ್ಟು ಹಾಡು ತೆಗೆದುಕೊಂಡರು. ಕಾಗದ ಪತ್ರ ಏನೂ ಆಗಲಿಲ್ಲ. ವಿಡಿಯೋ ಬಂದಾಗ ಅವನ ಹೆಸರೂ ಇರಲಿಲ್ಲ. ಹಾಡು ಲಕ್ಷ ದಾಟಿತು. ಉಳ್ಳಾಲದಲ್ಲಿ ಸಂಬಂಧಿಕರ ಮದುವೆಗೆ ಹೋದರೆ, ಇವನ ಹಾಡನ್ನು ಇವನೆದುರೇ ಇನ್ಯಾರದೋ ಹಾಡೆಂದು ಹೊಗಳಿದರು. ಕೊನೆಗೆ ಅದೇ ಹಾಡನ್ನು ಹೊಸದಾಗಿ, ಬರೀ ದಫ್ ಇಟ್ಟು ಹಾಡಿ ತನ್ನದೇ ಪುಟ್ಟ ಚಾನೆಲಿಗೆ ಹಾಕಿದ. ಮರುದಿನ ಫೋನಿಗೆ ಬಂದದ್ದು ಕಾಪಿರೈಟ್ ಕ್ಲೈಮ್.

"ನನ್ನ ಹಾಡಿಗೆ ನಾನೇ ಕಳ್ಳ ಆದೆ ಕಾಕ" ಅಂದ. "ಇನ್ನು ಹಾಡುವುದೇ ಬೇಡ ಅಂತ ಉಮ್ಮ ಹೇಳ್ತಾರೆ. ನನಗೂ ಹಾಗೇ ಅನ್ನಿಸಿದೆ."

ಅವನ ಹೆಸರನ್ನು ನಾವಿಲ್ಲಿ ಬರೆಯುವುದಿಲ್ಲ, ಬರೆಯಬೇಡಿ ಅಂತ ಕೇಳಿಕೊಂಡಿದ್ದಾನೆ. ಆದರೆ ಅವನ ಸಂಕಟ ಅವನೊಬ್ಬನದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಾಡುವ, ಬರೆಯುವ ಮಕ್ಕಳಿದ್ದಾರೆ. ಅದಕ್ಕೇ ಈ ಬರಹ.

ಸಂಗೀತದ ಊರಿನಲ್ಲಿ

ಈ ಹುಡುಗ ಕುಳಿತಿರುವ ಊರು ಸಣ್ಣ ಊರಲ್ಲ. ಹಿಂದುಸ್ತಾನಿ ಸಂಗೀತದಲ್ಲಿ ಹುಬ್ಬಳ್ಳಿ ಧಾರವಾಡದ ಹೆಸರು ದೇಶಕ್ಕೇ ಗೊತ್ತು. ಮರುದಿನ ಬೆಳಿಗ್ಗೆ ಅವನನ್ನೇ ಕರೆದುಕೊಂಡು ದೇಶಪಾಂಡೆ ನಗರಕ್ಕೆ ಹೋದೆವು. ಅಲ್ಲಿ ಗಂಗೂಬಾಯಿ ಹಾನಗಲ್ಲರ ಮನೆ, 'ಗಂಗಾಲಹರಿ', ಇದೆ. ದಿನಾ ಆ ದಾರಿಯಲ್ಲೇ ಸ್ಕೂಟರಿನಲ್ಲಿ ಹೋಗುತ್ತಿದ್ದರೂ ಅವನು ಒಮ್ಮೆಯೂ ನಿಂತು ನೋಡಿರಲಿಲ್ಲವಂತೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, 2009ರಲ್ಲಿ ತೀರಿಹೋದ ಈ ತಾಯಿ ಸಂಗೀತದಿಂದಲೇ ಸಂಸಾರ ಸಾಗಿಸಿದವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಆ ಸವಾಯಿ ಗಂಧರ್ವರು ಕಲಿತದ್ದು ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ. ಖಾನ್ ಸಾಹೇಬರ ಮಝಾರ್ ಇಲ್ಲಿಂದ ರೈಲಿನಲ್ಲಿ ಹೋಗಿ ಬರುವಷ್ಟು ದೂರದ ಮೀರಜ್‌ನಲ್ಲಿ, ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿದೆ. ಇಂದಿಗೂ ಉರೂಸಿಗೆ ದೊಡ್ಡ ದೊಡ್ಡ ಗಾಯಕರು ಅಲ್ಲಿ ಬಂದು ಹಾಡಿ ಹೋಗುತ್ತಾರೆ.

ಗಂಗೂಬಾಯಿಯವರ ಮೊದಮೊದಲ ಗ್ರಾಮೊಫೋನ್ ತಟ್ಟೆಗಳು 1930ರ ದಶಕದಲ್ಲಿ ಬಂದವು. ಆಗಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಿ ಕೊಡಬೇಕು. ತಟ್ಟೆಯ ಮೇಲೆ ಅಚ್ಚಾದ ಹೆಸರು 'ಗಾಂಧಾರಿ ಹುಬ್ಬಳ್ಳಿ'. ಇದನ್ನು ಹೇಳಿದಾಗ ಹುಡುಗ ಒಂದು ಮಾತು ಹೇಳಿದ: "ಅವರಿಗೂ ಮೂರು ನಿಮಿಷ, ನಮಗೂ ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡ್. ಕತ್ತರಿಸುವವರು ಯಾವಾಗಲೂ ಬೇರೆಯವರೇ."

ಮಾತು ನಿಜ. ಹಾಗಾದರೆ ಆ ಕಾಲದವರು ಬದುಕಿದ್ದು ಹೇಗೆ? ತಟ್ಟೆಯನ್ನು ನಂಬಿ ಅಲ್ಲ. ಕಛೇರಿ, ರೇಡಿಯೋ, ಪಾಠ, ಈ ಮೂರು ಅವರ ಬೆನ್ನೆಲುಬು. ತಟ್ಟೆ ತಂದುಕೊಟ್ಟದ್ದು ಹೆಸರು. ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆಯನ್ನು ಅಂಗಡಿಯಲ್ಲಿ ಕೇಳಿಯೇ ಗದಗಿನ ಬಾಲಕ ಭೀಮಸೇನ ಜೋಶಿ ಸಂಗೀತ ಹುಡುಕಿಕೊಂಡು ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ತಟ್ಟೆಗೆ ಅಷ್ಟು ಶಕ್ತಿ ಇತ್ತು. ಆದರೆ ಒಲೆ ಉರಿದದ್ದು ತಟ್ಟೆಯಿಂದಲ್ಲ.

ಧಾರವಾಡದ ಸಿತಾರ್ ಮನೆ

ಅಲ್ಲಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆವು. ಇಪ್ಪತ್ತು ಕಿಲೋಮೀಟರ್ ದಾರಿ. ದಾರಿಯುದ್ದಕ್ಕೂ ಮಾತಾಡಿದ್ದು ಧಾರವಾಡದ ಸಿತಾರ್ ಮನೆತನದ ಬಗ್ಗೆ. 'ಸಿತಾರ್ ರತ್ನ' ರಹಿಮತ್ ಖಾನ್ ಸಾಹೇಬರು ಬೀನ್‌ಕಾರ್ ಬಂದೇ ಅಲಿ ಖಾನರ ಶಿಷ್ಯರು. ಕಳೆದ ಶತಮಾನದ ಮೊದಲ ಭಾಗದಲ್ಲಿ ಧಾರವಾಡಕ್ಕೆ ಬಂದು ಇಲ್ಲೇ ನೆಲೆ ನಿಂತರು. ಸಿತಾರಿಗೆ ಮಂದ್ರದ ದಪ್ಪ ತಂತಿಗಳನ್ನು ಸೇರಿಸಿದ ಹೆಸರು ಅವರಿಗಿದೆ. ಅದಕ್ಕೆ ಅವರು ಯಾರ ಬಳಿಯೂ ಬಾಡಿಗೆ ಕೇಳಲಿಲ್ಲ. ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿದರು, ಮಕ್ಕಳಿಗೆ ಕಲಿಸಿದರು. ಮೊಮ್ಮಗ ಉಸ್ತಾದ್ ಬಾಲೇ ಖಾನ್ (1942–2007) ಧಾರವಾಡದಲ್ಲೇ ಇದ್ದು ಸಿತಾರ್ ನುಡಿಸಿದರು, ಕಲಿಸಿದರು. ಇನ್ನೊಬ್ಬ ಮೊಮ್ಮಗ ಉಸ್ತಾದ್ ಉಸ್ಮಾನ್ ಖಾನ್ ಪುಣೆಗೆ ಹೋಗಿ ಸಿತಾರಿನಲ್ಲೇ ಹೆಸರು ಮಾಡಿದರು. ಈಗಲೂ ಆ ಮನೆಯಲ್ಲಿ ಸಿತಾರ್ ನಿಂತಿಲ್ಲ.

ಮುಸ್ಲಿಂ ಮನೆತನವೊಂದು ತಲೆಮಾರುಗಳ ಕಾಲ ಒಂದೇ ಕಸುಬನ್ನು ಮರ್ಯಾದೆಯಿಂದ ಹಿಡಿದುಕೊಂಡು ಬಂದದ್ದು ಹೇಗೆ? ಕಲಿಸುವುದನ್ನು ಬಿಡಲಿಲ್ಲ. ಯಾರಿಂದ ಕಲಿತೆವು ಎಂಬುದನ್ನು ಮರೆಯಲಿಲ್ಲ. ಇಂಥ ಉಸ್ತಾದರ ಶಿಷ್ಯ ಅಂತ ಹೇಳುವಾಗ ಕಿವಿ ಮುಟ್ಟಿಕೊಳ್ಳುವ ಪದ್ಧತಿ ಅವರಲ್ಲಿದೆ. ಹೆಸರು ಕಸುಬಿನ ಜೊತೆಗೇ ನಡೆದು ಬರುತ್ತದೆ.

ಧಾರವಾಡಕ್ಕೆ ಇನ್ನೊಂದು ದೊಡ್ಡ ಆಸರೆ ಆಕಾಶವಾಣಿ. ಇಲ್ಲಿನ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ರೇಡಿಯೋದಲ್ಲಿ ಹಾಡಬೇಕಾದರೆ ಆಡಿಷನ್ ಕೊಡಬೇಕು. 'ಬಿ', 'ಬಿ-ಹೈ', 'ಎ', 'ಟಾಪ್' ಅಂತ ದರ್ಜೆ. ದರ್ಜೆಗೆ ತಕ್ಕ ಸಂಭಾವನೆ. ಎಲ್ಲಕ್ಕಿಂತ ಮುಖ್ಯ, ಹಾಡುವ ಮೊದಲೇ ಮನೆಗೆ ಕರಾರು ಪತ್ರ ಬರುತ್ತದೆ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಹಣ, ಎಲ್ಲ ಕಾಗದದ ಮೇಲೆ. ಹುಡುಗ ಇದನ್ನು ಕೇಳಿ ಸುಮ್ಮನಾದ. ಅವನ ಹಾಡಿಗೆ ಅಂಥ ಒಂದು ತುಂಡು ಕಾಗದವೂ ಇರಲಿಲ್ಲವಲ್ಲ.

ಹಾಡು ಬೇರೆ, ಮುದ್ರಿಕೆ ಬೇರೆ

ಧಾರವಾಡದಿಂದ ಮರಳಿ ಬಂದು ಹುಬ್ಬಳ್ಳಿಯಲ್ಲಿ ಒಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋಗೆ ಹೋದೆವು. ಜನಪದ ಹಾಡು, ಭಜನೆ, ಕವ್ವಾಲಿ ಎಲ್ಲ ಅಲ್ಲಿ ಆಗುತ್ತವೆ. ನಡೆಸುವವರು ಈ ದಂಧೆಯಲ್ಲಿ ಕ್ಯಾಸೆಟ್ ಕಾಲದಿಂದ ಇರುವವರು. ಕಥೆ ಕೇಳಿ ಹುಡುಗನಿಗೆ ಕೇಳಿದರು:

"ಸಹಿ ಮಾಡಿ ಏನರ ಕೊಟ್ಟೀ ಏನಪಾ?"

"ಇಲ್ಲ ಸರ್, ಏನೂ ಕೊಟ್ಟಿಲ್ಲ."

"ಹಂಗಾದ್ರ ಹಾಡು ಇನ್ನೂ ನಿಂದ ಐತಿ. ಯಾಕ ಅಳ್ತೀ?"

ನಮಗೂ ಆಶ್ಚರ್ಯವಾಯಿತು. ಆದರೆ ಕಾನೂನು ತೆಗೆದು ನೋಡಿದರೆ ಅವರ ಮಾತು ಸರಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ ಪ್ರಕಾರ ಹಾಡು ಬರೆದ ಕ್ಷಣವೇ ಅದರ ಹಕ್ಕು ಬರೆದವನದು. ನೋಂದಣಿ ಕಡ್ಡಾಯವಲ್ಲ. ಆ ಹಕ್ಕನ್ನು ಬೇರೆಯವರಿಗೆ ಕೊಡಬೇಕಾದರೆ ಬರವಣಿಗೆಯಲ್ಲಿ, ಸಹಿ ಹಾಕಿಯೇ ಕೊಡಬೇಕು. ಬಾಯಿಮಾತಿನಲ್ಲಿ ಕೊಟ್ಟದ್ದು ನಿಲ್ಲುವುದಿಲ್ಲ. ಸಹಿ ಹಾಕಿದರೂ ಎಷ್ಟು ವರ್ಷಕ್ಕೆ ಎಂದು ಬರೆಯದೆ ಬಿಟ್ಟಿದ್ದರೆ ಐದು ವರ್ಷ ಎಂದು ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕಾಗದ ಇಲ್ಲದ್ದು ತನ್ನ ದೌರ್ಬಲ್ಯ ಎಂದು ಹುಡುಗ ಅಂದುಕೊಂಡಿದ್ದ. ಹಾಡಿನ ಮಟ್ಟಿಗೆ ಅದು ಎದುರಿನವರ ದೌರ್ಬಲ್ಯ.

ಆದರೆ ಇಲ್ಲೊಂದು ಗಂಟು ಇದೆ, ಅದನ್ನು ಬಿಡಿಸಿಕೊಳ್ಳಬೇಕು. ಹಾಡು ಬೇರೆ, ಅದರ ಧ್ವನಿಮುದ್ರಿಕೆ ಬೇರೆ. ಪದ ಬರೆದವನದು ಒಂದು ಹಕ್ಕು, ರಾಗ ಹಾಕಿದವನದು ಇನ್ನೊಂದು, ಖರ್ಚು ಹಾಕಿ ಮುದ್ರಿಸಿದವನದು ಮೂರನೆಯದು. ಹಾಡಿದವನಿಗೂ ಕಲಾವಿದ ಅಂತ ಪ್ರತ್ಯೇಕ ಹಕ್ಕಿದೆ. ಶಿಶುನಾಳ ಶರೀಫಜ್ಜರ ಉದಾಹರಣೆ ನೋಡಿ. ಹುಬ್ಬಳ್ಳಿಯಿಂದ ಶಿಶುನಾಳ ದೂರವಿಲ್ಲ. ಅಜ್ಜ ತೀರಿಹೋದದ್ದು 1889ರಲ್ಲಿ. ಬರೆದವರು ತೀರಿಹೋಗಿ 60 ವರ್ಷ ದಾಟಿದರೆ ಪದಗಳು ಎಲ್ಲರ ಸ್ವತ್ತು, ಹಾಗಾಗಿ ಅವರ ತತ್ವಪದಗಳನ್ನು ಯಾರೂ ಹಾಡಬಹುದು. ಆದರೆ ಆ ಪದಗಳಿಗೆ ಸಿ. ಅಶ್ವತ್ಥ್ ಹಾಕಿದ ರಾಗಸಂಯೋಜನೆ, ಅವರು ಹಾಡಿದ ಮುದ್ರಿಕೆ, ಇವಕ್ಕೆ ಬೇರೆ ಒಡೆಯರಿದ್ದಾರೆ.

ನಮ್ಮ ಹುಡುಗನ ಲೆಕ್ಕವೂ ಹಾಗೇ. ಚಾನೆಲಿನವರು ಹಣ ಹಾಕಿ ಮಾಡಿಸಿದ ಮುದ್ರಿಕೆ ಅವರದು ಎಂದು ಅವರು ವಾದಿಸಬಹುದು. ಪದ, ರಾಗ ಇವನದು. ಅವನೇ ಹೊಸದಾಗಿ ಹಾಡಿದ್ದಕ್ಕೆ ಅವರು ಕ್ಲೈಮ್ ಹಾಕುವುದಕ್ಕೆ ಆಧಾರ ಬೇಕು. ಯೂಟ್ಯೂಬಿನಲ್ಲಿ ಕ್ಲೈಮ್ ಹಾಕುವುದು ಹೆಚ್ಚಾಗಿ ಮನುಷ್ಯ ಅಲ್ಲ, ಮಿಷನ್. ಒಂದು ಮುದ್ರಿಕೆಯನ್ನು ಕೊಟ್ಟಿಟ್ಟರೆ ಅದರ ಹೋಲಿಕೆ ಎಲ್ಲಿ ಕಂಡರೂ ಹಿಡಿಯುತ್ತದೆ. ಯಾರು ಮೊದಲು ಬರೆದರು ಅಂತ ಮಿಷನ್‌ಗೆ ಗೊತ್ತಿಲ್ಲ. ಅದಕ್ಕೆ ತಕರಾರು ಸಲ್ಲಿಸುವ ದಾರಿ ಅಲ್ಲೇ ಇದೆ. ತಕರಾರು ಹಾಕಿದ ಮೇಲೆ ಕ್ಲೈಮ್ ಹಾಕಿದವರು 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಕ್ಲೈಮ್ ಬಿದ್ದುಹೋಗುತ್ತದೆ. ಉತ್ತರ ಕೊಟ್ಟು ಹಟ ಹಿಡಿದರೆ ವಕೀಲರನ್ನು ನೋಡಬೇಕಾಗುತ್ತದೆ.

ಇನ್ನೊಂದು ಮಾತು ತಿಳಿದಿರಲಿ. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅದಕ್ಕಿಂತ ಮೊದಲು ಕವಿಗಳೂ ಸಂಗೀತ ಸಂಯೋಜಕರೂ ಒಂದೇ ಸಲ ಹಣ ತೆಗೆದುಕೊಂಡು ಎಲ್ಲವನ್ನೂ ಬರೆದುಕೊಟ್ಟು ಕೈ ತೊಳೆದುಕೊಳ್ಳಬೇಕಾಗಿತ್ತು. ಈಗ ಹಾಗಿಲ್ಲ. ಧ್ವನಿಮುದ್ರಿಕೆಯಲ್ಲಿ ಸೇರಿದ ಹಾಡಿನ ಪದ ಬರೆದವರಿಗೂ ರಾಗ ಹಾಕಿದವರಿಗೂ ಮುಂದೆ ಬರುವ ರಾಯಲ್ಟಿಯಲ್ಲಿ ಸಮಪಾಲು ಇದೆ, ಅದನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಆ ಬರಹ ನಡೆಯುವುದಿಲ್ಲ. ಆ ಪಾಲನ್ನು ವಸೂಲು ಮಾಡಿ ಹಂಚುವುದಕ್ಕೆ ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ. ಪದ, ರಾಗ ಮಾಡುವವರು ಅದರ ಸದಸ್ಯರಾಗಬಹುದು.

ಲಕ್ಷ ವ್ಯೂ ಅಂದರೆ ಲಕ್ಷ ರೂಪಾಯಿ ಅಲ್ಲ

ನಮ್ಮ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮಗ ಹಾಡು ಹಾಕಿದ, ವ್ಯೂ ಬಂತು, ಇನ್ನು ದುಡ್ಡು ಸುರಿಯುತ್ತದೆ ಅಂತ. ಹಾಗಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಕನಿಷ್ಠ 1,000 ಚಂದಾದಾರರು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂ. ಸ್ಪಾಟಿಫೈಯಲ್ಲಿ 2024ರಿಂದ, ಒಂದು ಹಾಡನ್ನು 12 ತಿಂಗಳಲ್ಲಿ 1,000 ಸಲವಾದರೂ ಕೇಳಿರದಿದ್ದರೆ ಆ ಹಾಡಿಗೆ ಪಾಲೇ ಇಲ್ಲ. ಅಲ್ಲಿಗೆ ಹಾಡು ತಲುಪಿಸಲು ನಡುವೆ ವಿತರಕರು ಬೇಕು, ಅವರಿಗೂ ಕೊಡಬೇಕು. ಬ್ಯಾರಿಯಂಥ ಸಣ್ಣ ಭಾಷೆಯಲ್ಲಿ ಹಾಡುವವರಿಗೆ ಈ ಲೆಕ್ಕ ಸುಲಭದ್ದಲ್ಲ.

ಹಾಗಾಗಿ ಹುಬ್ಬಳ್ಳಿ ಧಾರವಾಡದ ಹಿರಿಯರು ನಡೆದ ದಾರಿಯೇ ಈಗಲೂ ಗಟ್ಟಿ. ಮುದ್ರಿಕೆ ನಿಮ್ಮ ಬೋರ್ಡು, ಅಂಗಡಿಯಲ್ಲ. ಜನರೆದುರು ಹಾಡುವುದು, ಮಕ್ಕಳಿಗೆ ಕಲಿಸುವುದು, ಅದರಲ್ಲೇ ಹೊಟ್ಟೆಗೆ ಸಿಗುವುದು. ಜೊತೆಗೊಂದು ಕೈಕಸುಬು ಇದ್ದರೆ ಇನ್ನೂ ಒಳ್ಳೆಯದು. ಗಲ್ಲಾದಲ್ಲಿ ಕುಳಿತು ಹಾಡು ಬರೆಯುವುದರಲ್ಲಿ ನಾಚಿಕೆ ಏನಿಲ್ಲ.

ನಮ್ಮ ತಪ್ಪೂ ಇದೆ

ಬೇರೆಯವರನ್ನು ದೂರಿದರೆ ಸಾಲದು, ನಮ್ಮ ಕಡೆಯೂ ನೋಡಿಕೊಳ್ಳೋಣ. ಕ್ಯಾಸೆಟ್ ಕಾಲದಿಂದಲೂ ಹಿಂದಿ, ಮಲಯಾಳಂ ಸಿನಿಮಾ ಹಾಡಿನ ರಾಗಕ್ಕೆ ನಮ್ಮ ಪದ ಜೋಡಿಸಿ ಹಾಡುವುದು ನಮ್ಮಲ್ಲಿ ರೂಢಿ. ಆ ರಾಗ ಹಾಕಿದವನೂ ಒಬ್ಬ ಮನುಷ್ಯ, ಅವನ ಹಕ್ಕೂ ಹಕ್ಕೇ. ಒಪ್ಪಿಗೆ ಇಲ್ಲದೆ ರಾಗ ಎತ್ತಿದರೆ ಕ್ಲೈಮ್ ಬಂದಾಗ ಗೋಳಾಡುವಂತಿಲ್ಲ. ಮದುವೆ ಮನೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ಹಾಡಿಕೊಳ್ಳುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಅದನ್ನೇ ವಿಡಿಯೋ ಮಾಡಿ ಹಾಕಿದರೆ ಲೆಕ್ಕ ಬೇರೆ.

ಇನ್ನೊಂದು ತಪ್ಪು ಹಾಡುವವರಿಗೆ ಕೊಡುವುದರಲ್ಲಿ. ಮದುವೆಯ ಬಿರಿಯಾನಿಗೆ, ಸ್ಟೇಜಿಗೆ, ಫೋಟೋದವರಿಗೆ ಮುಂಗಡ ಕೊಡುತ್ತೇವೆ. ಮೈಲಾಂಜಿ ರಾತ್ರಿ ಗಂಟಲು ಒಣಗುವ ತನಕ ಹಾಡಿದವರಿಗೆ, ದಫ್ ಬಡಿದ ಮಕ್ಕಳಿಗೆ "ನಮ್ಮವರೇ ಅಲ್ವಾ" ಅಂತ ಊಟ ಹಾಕಿ ಕಳಿಸುತ್ತೇವೆ. ವಾದ್ಯ ಇರಬೇಕೇ ಬೇಡವೇ ಎಂಬುದು ಉಲಮಾಗಳು ಹೇಳಬೇಕಾದ ವಿಷಯ, ಅದಕ್ಕೆ ನಾವು ಕೈ ಹಾಕುವುದಿಲ್ಲ. ದುಡಿದವನಿಗೆ ಬೆವರು ಆರುವ ಮೊದಲು ಕೂಲಿ ಕೊಡಬೇಕು ಎಂಬ ಮಾತನ್ನು ಮಾತ್ರ ಮದ್ರಸದಲ್ಲಿ ನಾವೆಲ್ಲ ಕಲಿತಿದ್ದೇವೆ. ಅದು ಹಾಡಿದವನಿಗೂ ಸಲ್ಲುತ್ತದೆ.

ಹೆಸರು ಬಿಡುವುದಂತೂ ದೊಡ್ಡ ತಪ್ಪು. ನಮ್ಮ ಹಿರಿಯರು ಹೀಗಿರಲಿಲ್ಲ. ತಲೆಮಾರುಗಳಿಂದ ನಮ್ಮ ಮನೆಗಳಲ್ಲಿ ಓದಿಕೊಂಡು ಬಂದಿರುವ ಮುಹಿಯುದ್ದೀನ್ ಮಾಲೆ 1607ರ ಕೃತಿ. ಅದನ್ನು ಬರೆದ ಕಲ್ಲಿಕೋಟೆಯ ಖಾಝಿ ಮುಹಮ್ಮದ್ ತನ್ನ ಹೆಸರನ್ನೂ ಊರನ್ನೂ ಬರೆದ ವರ್ಷವನ್ನೂ ಮಾಲೆಯೊಳಗೇ ಸೇರಿಸಿಟ್ಟಿದ್ದಾರೆ. ನಾನೂರು ವರ್ಷವಾದರೂ ಯಾರೂ ಅದನ್ನು ತನ್ನದೆನ್ನಲು ಆಗಿಲ್ಲ. ನಮ್ಮ ದೇಶದಲ್ಲಿ ಗ್ರಾಮೊಫೋನ್ ಬಂದಾಗ, 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್, ತಟ್ಟೆಯ ಕೊನೆಗೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದ್ದು ಯಾರು ಅಂತ ತಿಳಿಯಲಿ ಅಂತ. ಇಷ್ಟೆಲ್ಲ ಸವಲತ್ತು ಇರುವ ಈ ಕಾಲದಲ್ಲಿ ನಮ್ಮ ಹುಡುಗನ ಹೆಸರು ವಿಡಿಯೋದ ಕೆಳಗೆ ಒಂದು ಸಾಲಿನಲ್ಲೂ ಇರಲಿಲ್ಲ.

ಹಾಡುವ ಮಕ್ಕಳಿರುವ ಮನೆಯವರಲ್ಲಿ ನಮ್ಮ ವಿನಂತಿ ಇಷ್ಟೇ. ಹಾಡು ಬರೆದ ನೋಟ್‌ಬುಕ್ ಬಿಸಾಡಬೇಡಿ. ಬರೆದ ದಿನ ತಾರೀಕು ಹಾಕಿ, ಹಾಡಿ ವಾಯ್ಸ್ ಮೆಸೇಜ್ ಆಗಿ ಒಬ್ಬರಿಗೆ ಕಳಿಸಿಡಿ. ಹಣ ಎಷ್ಟೇ ಸಣ್ಣದಿರಲಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ಹಾಡು, ಎಷ್ಟು ವರ್ಷಕ್ಕೆ, ಹೆಸರು ಎಲ್ಲಿ ಹಾಕುತ್ತಾರೆ, ಮುಂದಿನ ಪಾಲು ಎಷ್ಟು. ಓದದೆ ಸಹಿ ಹಾಕಬೇಡಿ. ಮಂಗಳೂರಿನಲ್ಲಿ ನಮಗೆ ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ. ಬ್ಯಾರಿ ಹಾಡುಗಳ, ಅವುಗಳನ್ನು ಕಟ್ಟಿದವರ ಒಂದು ಪಟ್ಟಿಯನ್ನು ಅಲ್ಲಿ ಇಟ್ಟರೆ ನಾಳೆ ಎಷ್ಟೋ ಜಗಳ ತಪ್ಪುತ್ತದೆ.

ಹುಬ್ಬಳ್ಳಿಯಿಂದ ಹೊರಡುವ ದಿನ ಮತ್ತೆ ಚಾ ಕುಡಿಯಲು ಹೋದೆವು. ಹುಡುಗ ಅಷ್ಟರಲ್ಲಿ ತಕರಾರು ಸಲ್ಲಿಸಿ ಆಗಿತ್ತು. ನೋಟ್‌ಬುಕ್ಕಿನ ಪುಟ, ಹಾಡು ಕಟ್ಟಿದ ರಾತ್ರಿ ಗೆಳೆಯನಿಗೆ ಕಳಿಸಿದ್ದ ವಾಯ್ಸ್ ಮೆಸೇಜಿನ ತಾರೀಕು, ಎರಡನ್ನೂ ತೆಗೆದಿಟ್ಟುಕೊಂಡಿದ್ದ. ಉತ್ತರ ಇನ್ನೂ ಬಂದಿರಲಿಲ್ಲ. ಬಂದರೂ ಅವನ ಪರವಾಗಿಯೇ ಬರುತ್ತದೆ ಎಂದು ನಾವು ಹೇಳಲಾರೆವು.

"ಹಾಡುವುದು ಬಿಟ್ಟೆಯಾ ಮೋನೆ?" ಅಂತ ಕೇಳಿದೆವು.

ಅವನು ನೋಟ್‌ಬುಕ್ ತಿರುಗಿಸಿ ಹೊಸ ಹಾಡು ತೋರಿಸಿದ. ತಂಗಿಯ ಮದುವೆ ಶವ್ವಾಲಿನಲ್ಲಿದೆ, ಆ ರಾತ್ರಿಗೆ ಬರೆದದ್ದು. ಮೇಲೆ ತಾರೀಕು. ಕೊನೆಯ ಸಾಲಿನಲ್ಲಿ ಅವನ ಹೆಸರು, ಊರು. ಹಿಂದೆ ನಿಂತಿದ್ದ ಉಮ್ಮ ಚಾದ ಗ್ಲಾಸ್ ಇಡುತ್ತಾ ಹೇಳಿದರು: "ಹೆಸರು ಹಾಕಿದ್ದು ಒಳ್ಳೇದಾಯ್ತು. ಇನ್ನು ಹಾಡಲಿ."